ಎರಡನೇ ದನಿ

ಮದುವೆಯಾದ ದಿನದಿಂದ ಹೆಂಡತಿಯ ಎದುರುತ್ತರ ಕೇಳಿಯೇ ಬದುಕಿದ ಗಂಡಸು ನಾನು. ಮನೆಯಲ್ಲಿ ಕೇಳಿದ್ದು ಸಾಲದು ಎಂಬಂತೆ, ಆಪರೇಷನ್ ಆದ ಮೇಲೆ ಬಂಡೆಯಿಂದಲೂ ಅವಳದೇ ದನಿ ಬರತೊಡಗಿತು. ಎದ್ದು ನಡೆಯುವಂತಾದ ಕೂಡಲೇ ನನ್ನನ್ನು ಕೇಳುಬಂಡೆಯ ಮುಂದೆ ನಿಲ್ಲಿಸಿದರು. ‘ಇದೀನೀ...’ ಎಂದು ಕೂಗಿದೆ. ಮೊದಲು ನನ್ನ ದನಿಯೇ ತಿರುಗಿ ಬಂತು. ಅದರ ಬೆನ್ನಿಗೇ ಜಲಜಾಕ್ಷಿಯ ದನಿ ಬಂತು, ‘ಇದೀನೀ...’ ಅಂತ, ಸ್ವಲ್ಪ ಗದರಿಕೆಯಲ್ಲೇ. ಅವಳು ಆ ಹೊತ್ತಿನಲ್ಲಿ ಹೆಂಗಸರ ವಾರ್ಡಿನಲ್ಲಿ ಗಂಜಿ ಕುಡಿಯುತ್ತಾ ಕೂತಿದ್ದಳು. ಉತ್ತರ ಕೊಟ್ಟದ್ದು ನನ್ನ ಹೊಟ್ಟೆಯ ಬಲಗಡೆ ಕೂರಿಸಿದ್ದ ಅವಳ ಕಿಡ್ನಿ.

ನಮ್ಮ ಊರಲ್ಲಿ ಇದು ಯಾರಿಗೂ ಆಶ್ಚರ್ಯದ ಸಂಗತಿಯಲ್ಲ. ಊರಿನ ಪಡುವಣ ದಿಕ್ಕಿಗೆ ಆ ಬಂಡೆ ಗೋಡೆಯಂತೆ ಎದ್ದು ನಿಂತಿದೆ. ಅದರ ಮುಂದೆ ನಿಂತು ಕೂಗಿದರೆ ಮೈಯೊಳಗೆ ಯಾರ ಯಾರ ಜೀವವಿದೆಯೋ ಅವರೆಲ್ಲ ಒಬ್ಬರ ಹಿಂದೊಬ್ಬರು ಓಗೊಡುತ್ತಾರೆ. ಬಸುರಿ ಹೆಂಗಸು ಕೂಗಿದರೆ ಅವಳ ದನಿಯ ಹಿಂದೆ ಬೆಕ್ಕಿನ ಮರಿಯಂಥ ಇನ್ನೊಂದು ದನಿ ಬರುತ್ತದೆ. ಅತ್ತೆಯಂದಿರು ಅದನ್ನು ಕೇಳಿದ ಜಾಗದಲ್ಲೇ ಸೊಸೆಯ ಬಾಯಿಗೆ ಸಕ್ಕರೆ ಹಾಕುತ್ತಾರೆ. ಜಲಜಾಕ್ಷಿ ನಮ್ಮಮ್ಮನ ಜೊತೆ ವರ್ಷಗಟ್ಟಲೆ ಹೋಗಿ ಕೂಗಿ ಬಂದಳು. ಪ್ರತಿಸಲವೂ ಅವಳದೊಂದೇ ದನಿ ಬರುತ್ತಿತ್ತು, ಸಕ್ಕರೆ ಪೊಟ್ಟಣ ಬಿಚ್ಚದೆ ಹಾಗೇ ಮನೆಗೆ ವಾಪಸ್ಸಾಗುತ್ತಿತ್ತು. ಕೊನೆಗೆ ಅಮ್ಮ ಕರೆಯುವುದನ್ನು ಬಿಟ್ಟರು, ಇವಳು ಹೋಗುವುದನ್ನು ಬಿಟ್ಟಳು. ಅವಳಿಗೆ ಬಾರದ ಎರಡನೇ ದನಿ ಕೊನೆಗೆ ನನಗೆ ಬಂತು, ಅದೂ ಅವಳದೇ ದನಿಯಾಗಿ. ಊರವರು ನನ್ನನ್ನು ಬಿಡುತ್ತಾರೆಯೇ? ‘ದೊರೆಸ್ವಾಮಿ, ಎಷ್ಟು ತಿಂಗಳು?’ ಎಂದು ಕೇಳಿ ನಗುತ್ತಿದ್ದರು. ನಾನೂ ನಕ್ಕೆ. ಬಸ್ಸಿನಲ್ಲಿ ಕಂಡಕ್ಟರಾಗಿ ಜೀವಮಾನವೆಲ್ಲ ಬೈಸಿಕೊಂಡವನಿಗೆ ಇದೆಲ್ಲ ಯಾವ ಲೆಕ್ಕ.

ಬಂಡೆಯ ಬುಡದಲ್ಲೇ ನಮ್ಮ ಆಸ್ಪತ್ರೆ. ಇನ್ನೊಬ್ಬರ ಕಿಡ್ನಿಯನ್ನೋ ಲಿವರನ್ನೋ ಇಟ್ಟುಕೊಂಡ ನಮ್ಮಂಥವರು ಬೆಳಗಾದರೆ ಅಂಗಳಕ್ಕೆ ಬಂದು, ಒಬ್ಬೊಬ್ಬರಾಗಿ ಗೆರೆಯ ಮೇಲೆ ನಿಂತು ಕೂಗಬೇಕು. ದೂರದಲ್ಲಿ, ಬಂಡೆಗೆ ಅಂಟಿದಂತಿರುವ, ಬಂಡೆಯ ದನಿಯೊಂದು ಬಿಟ್ಟು ಬೇರೇನೂ ಸರಿಯಾಗಿ ಕೇಳಿಸದ ಕಲ್ಲುಪೀಠದ ಮೇಲೆ ಸಿಸ್ಟರ್ ಬೆನಡಿಕ್ಟಾ ನಮಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ಕೂತಿರುತ್ತಾರೆ. ಕೂಗುವವರ ಮುಖ ನೋಡಿದರೆ ಕಿವಿ ಕರುಣೆಗೆ ಬೀಳುತ್ತದೆಂದು ಹಾಗೆ ನೇಮ ಮಾಡಿದ್ದಾರೆ. ಎರಡು ದನಿ ಬಂದರೆ ಗಂಟೆಯನ್ನು ಎರಡು ಸಲ ಹೊಡೆಯುತ್ತಾರೆ, ಒಂದೇ ಬಂದರೆ ಒಂದು ಸಲ. ಎರಡು ಸಲ ಹೊಡೆದರೆ ಹಿಂದಿನ ದಿನದ ಮದ್ದೇ ಮುಂದುವರಿಯುತ್ತದೆ. ಒಂದೇ ಸಲ ಹೊಡೆದು ನಿಲ್ಲಿಸಿದರೆ ಅಂಗಳದಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ರಕ್ತಪರೀಕ್ಷೆಯೂ ಉಂಟು. ಆದರೆ ರಕ್ತವನ್ನು ಐಸ್ ಡಬ್ಬದಲ್ಲಿಟ್ಟು ಬಸ್ಸಿನಲ್ಲಿ ಪಟ್ಟಣಕ್ಕೆ ಕಳಿಸಬೇಕು, ಅದರ ಉತ್ತರ ಬರುವುದು ಬಸ್ಸಿನ ಮರ್ಜಿ. ನಾನೇ ಎಷ್ಟೋ ಸಲ ಆ ಡಬ್ಬವನ್ನು ನನ್ನ ಸೀಟಿನ ಕೆಳಗೆ ಇಟ್ಟುಕೊಂಡು ಹೋಗಿದ್ದೇನೆ. ಒಳಗಿರುವುದು ಯಾರ ಪ್ರಾಣ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಅಂಗಳದ ಬೆಂಚಿನ ಮೇಲೆ ಸಣ್ಣತಾಯಮ್ಮ ಎಂಬ ಮುದುಕಿ ದಿನಾ ಬಂದು ಕೂರುತ್ತಿತ್ತು. ಲಾರಿ ಓಡಿಸುತ್ತಿದ್ದ ಅದರ ಮಗ ಅಪಘಾತದಲ್ಲಿ ಹೋದಾಗ ಅವನ ಲಿವರನ್ನು ಪದ್ಮರಾಜಯ್ಯ ಮೇಷ್ಟ್ರಿಗೆ ಹಾಕಿದ್ದರು. ಮೇಷ್ಟ್ರು ಗೆರೆಯ ಮೇಲೆ ನಿಂತು ‘ಇದ್ದೇನೆ’ ಎಂದು ಗ್ರಂಥದ ಕನ್ನಡದಲ್ಲಿ ಕೂಗಿದರೆ, ಅವರ ದನಿಯ ಹಿಂದೆ ಆ ಹುಡುಗನ ಒಡಕು ಗಂಟಲೂ ‘ಇದ್ದೇನೆ’ ಅನ್ನುತ್ತಿತ್ತು. ಮುದುಕಿ ಬೆಂಚಿನಿಂದಲೇ ‘ಉಂಡ್ಯಾ ಮಗಾ?’ ಎಂದು ಕೇಳುತ್ತಿತ್ತು. ಈರುಳ್ಳಿ ಕೂಡ ಮುಟ್ಟದ ಮೇಷ್ಟ್ರು, ‘ಉಂಡೆ ಕಣಮ್ಮಾ’ ಎಂದು ಅವನ ಪರವಾಗಿ ಹೇಳುವರು. ಹೋದ ವರ್ಷ ಮೇಷ್ಟ್ರಿಗೆ ಒಂದು ವೈರಸ್ ಅಂಟಿತು. ಅವರ ಎರಡನೇ ದನಿ ದಿನದಿಂದ ದಿನಕ್ಕೆ ಸಣ್ಣಗಾಗುತ್ತಾ ಒಂದು ಬೆಳಗ್ಗೆ ನಿಂತೇ ಹೋಯಿತು. ಆಮೇಲೆ ಮೊದಲನೆಯದೂ ನಿಂತಿತು. ಮುದುಕಿ ಈಗಲೂ ಬಂದು ಅದೇ ಬೆಂಚಿನ ಮೇಲೆ ಕೂರುತ್ತದೆ. ಸತ್ಯ ಹೇಳಬೇಕೆಂದರೆ ನಾನು ಆ ಕಡೆ ನೋಡುತ್ತಲೇ ಇರಲಿಲ್ಲ.

ಈ ಬೇಸಿಗೆಯ ಕೊನೆಗೆ ನನಗೆ ಜ್ವರ ಹಿಡಿಯಿತು. ಹೊಟ್ಟೆ ಕೆಟ್ಟಿತು, ಉಂಡದ್ದು ನಿಲ್ಲುತ್ತಿರಲಿಲ್ಲ. ಡಾಕ್ಟರ್ ಮುಬೀನಾ ನನ್ನ ನಾಲಿಗೆ ನೋಡಿದರು, ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಡಾಕ್ಟರು ನಿಂತೇ ಮಾತಾಡಿ ಹೋದರೆ ಒಳ್ಳೆಯದು, ಕೂತರೆ ಕೆಟ್ಟದ್ದು ಎಂಬುದು ಆಸ್ಪತ್ರೆಯಲ್ಲಿ ಮಲಗಿದ ಎಲ್ಲರಿಗೂ ಗೊತ್ತು.

‘ಮೇಷ್ಟ್ರಿಗೆ ಬಂದಿತ್ತಲ್ಲ, ಅದೇ ವೈರಸ್ಸು ದೊರೆಸ್ವಾಮಿಯವರೇ,’ ಅಂದರು. ‘ಬೇರೆಯವರ ಮೈಯಲ್ಲಿ ಇದು ಸುಮ್ಮನೆ ಮಲಗಿರುತ್ತೆ. ನಿಮಗೆ ಕಿಡ್ನಿ ಒಗ್ಗಲಿ ಅಂತ ಮೈಯ ಕಾವಲನ್ನ ನಾವೇ ಕಮ್ಮಿ ಮಾಡಿದ್ದೀವಿ, ಅದಕ್ಕೇ ಎದ್ದು ಕೂತಿದೆ.’

‘ಔಷಧಿ ಇಲ್ವಾ ಮೇಡಂ?’ ಜಲಜಾಕ್ಷಿ ಕೇಳಿದಳು.

‘ಇದೆಯಮ್ಮ. ಡ್ರಿಪ್ಪಿನಲ್ಲಿ ಕೊಡ್ತೀವಿ. ಒಳ್ಳೆ ಔಷಧಿನೇ, ಆದರೆ ಅದರ ಮೇಲೆ ಕಣ್ಣಿಟ್ಟಿರಬೇಕು. ಅದು ಮೈಯಿಂದ ಆಚೆ ಹೋಗೋದು ಕಿಡ್ನಿಯಿಂದಲೇ. ಕಿಡ್ನಿ ಸೋತರೆ ಔಷಧಿ ಒಳಗೇ ಉಳ್ಕೊಂಡು ರಕ್ತದಲ್ಲಿರೋ ಬಿಳಿ ಕಣಗಳನ್ನ ಇಳಿಸಿಬಿಡುತ್ತೆ. ಆಗ ಸಣ್ಣ ನೆಗಡಿ ಬಂದ್ರೂ ತಡ್ಕೊಳ್ಳೋಕಾಗಲ್ಲ. ಕಿಡ್ನಿ ಎಷ್ಟು ಕೆಲಸ ಮಾಡ್ತಿದೆಯೋ ನೋಡ್ಕೊಂಡು ಅದಕ್ಕೆ ತಕ್ಕಷ್ಟೇ ಕೊಡಬೇಕು.’

‘ಹಾಗಾದ್ರೆ ನಿಲ್ಲಿಸಿಬಿಟ್ರೆ?’ ಎಂದೆ ನಾನು.

‘ನಿಲ್ಲಿಸಿದ್ರೆ ವೈರಸ್ಸು ಸುಮ್ಮನಿರಲ್ಲ. ಕಣ್ಣಿಗೆ ಹೋಗಬಹುದು, ಶ್ವಾಸಕೋಶಕ್ಕೆ ಹೋಗಬಹುದು. ಅದಕ್ಕೇ ದಿನಾ ತಪ್ಪದೆ ಬಂದು ಕೂಗಿ. ಮನೆಯವರ ದನಿ ಚೆನ್ನಾಗಿ ಬರ್ತಿದೆ ಅಂದ್ರೆ ಕಿಡ್ನಿ ಚೆನ್ನಾಗಿದೆ ಅಂತ ಅರ್ಥ. ಪಟ್ಟಣದಿಂದ ರಕ್ತದ ರಿಪೋರ್ಟೂ ಬರುತ್ತಲ್ಲ.’

ರಿಪೋರ್ಟು ಬರಲಿಲ್ಲ. ಹೊಳೆಯ ಸೇತುವೆ ಬಿರುಕು ಬಿಟ್ಟು ಬಸ್ಸು ನಿಂತಿತು. ಐಸ್ ಡಬ್ಬಗಳು ಆಸ್ಪತ್ರೆಯ ಮೂಲೆಯಲ್ಲೇ ಸಾಲಾಗಿ ಕೂತವು. ಬಂಡೆಯೊಂದೇ ಗತಿಯಾಯಿತು.

ಮೊದಮೊದಲು ನಾನು ಸರಿಯಾಗಿಯೇ ಕೂಗುತ್ತಿದ್ದೆ. ದಿನ ಕಳೆದಂತೆ ಗಂಟಲಲ್ಲಿ ಶಕ್ತಿ ಉಳಿಯಲಿಲ್ಲ. ತಾಲ್ಲೂಕಿಗೆಲ್ಲ ಕೇಳಿಸುವ ಹಾಗೆ ‘ರೈಟ್ ರೈಟ್’ ಅನ್ನುತ್ತಿದ್ದವನಿಗೆ ಗೆರೆಯ ಮೇಲೆ ನಿಲ್ಲುವುದೇ ಕಷ್ಟವಾಯಿತು. ಜಲಜಾಕ್ಷಿ ನನ್ನ ರಟ್ಟೆ ಹಿಡಿದು ನಿಲ್ಲುವಳು. ‘ಕೂಗ್ರೀ, ಜೋರಾಗಿ ಕೂಗ್ರೀ, ಬಂಡೆಗೇನು ಕಿವಿಯಲ್ಲಿ ಗುಟ್ಟು ಹೇಳ್ತಿದ್ದೀರಾ?’ ಎಂದು ಗದರುವಳು. ಆಮೇಲೆ ಮಗುವಿಗೆ ಮಾತು ಕಲಿಸುವ ಹಾಗೆ ನನ್ನ ದನಿಯ ಬೆನ್ನಿಗೇ ತಾನೂ ‘ಇದೀನೀ...’ ಎಂದು ದನಿ ಕೂಡಿಸತೊಡಗಿದಳು. ಅವಳು ಜೊತೆಗಿದ್ದರೆ ನನಗೂ ಉಸಿರು ಬರುತ್ತಿತ್ತು. ಬಂಡೆಯಿಂದ ಎರಡು ದನಿ ತಿರುಗಿ ಬರುವವು. ದೂರದಲ್ಲಿ ಸಿಸ್ಟರ್ ಗಂಟೆಯನ್ನು ಎರಡು ಸಲ ಹೊಡೆಯುವರು. ‘ಕೇಳ್ತಾ? ನಾನು ಗಟ್ಟಿಯಾಗಿದೀನಿ ಒಳಗೆ,’ ಎಂದು ಅವಳು ಹೆಮ್ಮೆಯಿಂದ ನನ್ನ ಹೊಟ್ಟೆಯ ಬಲಗಡೆ ಮೆಲ್ಲಗೆ ತಟ್ಟುವಳು.

ನನಗೆ ಮಾತ್ರ ಒಳಗೊಳಗೇ ಅಳುಕು. ಪಾದ ಊದಿಕೊಂಡಿದ್ದವು, ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಹೂತು ಗುರುತು ಬೀಳುತ್ತಿತ್ತು. ಬಾಯಿಯೊಳಗೆ ಹುಣ್ಣು. ಮೂತ್ರ ಕಡಿಮೆಯಾಗಿತ್ತು, ಸಂಕೋಚಕ್ಕೆ ಬಿದ್ದು ಯಾರಿಗೂ ಹೇಳಿರಲಿಲ್ಲ. ಡ್ರಿಪ್ಪಿನ ಬಾಟಲಿಯಿಂದ ತೊಟ್ಟು ತೊಟ್ಟಾಗಿ ಇಳಿಯುವ ಮದ್ದನ್ನು ನೋಡುತ್ತಾ, ಇದು ನನ್ನನ್ನು ಉಳಿಸುತ್ತಿದೆಯೋ ತಿನ್ನುತ್ತಿದೆಯೋ ಎಂದು ಯೋಚಿಸುವೆ. ಸುಸ್ತು ಎಂದು ಡಾಕ್ಟರಿಗೆ ಹೇಳಿದೆ. ಅವರು ಕಾಲು ಒತ್ತಿ ನೋಡಿ, ಹುಬ್ಬು ಗಂಟಿಕ್ಕಿ, ‘ಬಂಡೆ ಏನು ಹೇಳ್ತು ಇವತ್ತು?’ ಎಂದು ಸಿಸ್ಟರನ್ನು ಕೇಳಿದರು. ‘ಎರಡೂ ದನಿ ಬಂತು ಮೇಡಂ, ಎರಡನೇದು ಇವರಿಗಿಂತ ಜೋರಾಗಿಯೇ ಇದೆ,’ ಎಂದರು ಸಿಸ್ಟರ್. ಬಾಟಲಿ ಹಾಗೆಯೇ ಇಳಿಯಿತು.

ಆಮೇಲೆ ಜಲಜಾಕ್ಷಿಗೆ ಶೀತವಾಯಿತು. ಶೀತವಾದವರು ನಮ್ಮಂಥವರ ಹತ್ತಿರ ಸುಳಿಯುವಂತಿಲ್ಲ, ಅವಳನ್ನು ಮನೆಗೆ ಕಳಿಸಿದರು. ಹೋಗುವಾಗಲೂ ಕಿಟಕಿಯಾಚೆ ನಿಂತು, ಮೂಗಿಗೆ ಸೆರಗು ಒತ್ತಿಕೊಂಡು, ‘ಜೋರಾಗಿ ಕೂಗ್ಬೇಕು, ಗೊತ್ತಾಯ್ತಾ?’ ಎಂದು ತಾಕೀತು ಮಾಡಿ ಹೋದಳು.

ಮರುದಿನ ಬೆಳಗ್ಗೆ ವಾರ್ಡ್ ಬಾಯ್ ನನ್ನನ್ನು ಗಾಲಿಕುರ್ಚಿಯಲ್ಲಿ ಗೆರೆಯವರೆಗೆ ತಂದು ಬಿಟ್ಟು ಪಕ್ಕಕ್ಕೆ ಸರಿದ. ಬಿಸಿಲು ಬಂಡೆಯ ಮೇಲೆ ಆಗತಾನೇ ಬೀಳುತ್ತಿತ್ತು. ಇದ್ದಬದ್ದ ಉಸಿರೆಲ್ಲ ಸೇರಿಸಿ ಕೂಗಿದೆ. ‘ಇದೀನೀ...’ ನನ್ನ ದನಿ ಬಂತು, ಬಹಳ ತೆಳ್ಳಗೆ. ನಾನು ಕಾದೆ. ಪಾರಿವಾಳವೊಂದು ರೆಕ್ಕೆ ಬಡಿದು ಹಾರಿತು. ಬೇರೇನೂ ಬರಲಿಲ್ಲ.

ಗಂಟೆ ಒಂದು ಸಲ ಹೊಡೆಯಿತು.

ಇನ್ನೊಂದು ಬೀಳುತ್ತದೆ ಎಂದು ಕಾಯುತ್ತಲೇ ಇದ್ದೆ. ಸಿಸ್ಟರ್ ನೇಮ ಮುರಿದು ತಿರುಗಿ ನನ್ನನ್ನು ನೋಡಿದರು. ಮತ್ತೆ ಕೂಗಿದೆ, ಮತ್ತೊಮ್ಮೆ ಕೂಗಿದೆ. ಸಿಸ್ಟರ್ ಪೀಠದಿಂದ ಇಳಿದು ಓಡಿ ಬಂದರು.

‘ನಿನ್ನೆವರೆಗೂ ಅಷ್ಟು ಜೋರಾಗಿತ್ತಲ್ಲ! ಒಂದೇ ರಾತ್ರೀಲಿ ಹೀಗೆ ಪೂರ್ತಿ ನಿಲ್ಲಲ್ಲ. ಏನು ಬದಲಾಯ್ತು? ಮನೆಯವರೆಲ್ಲಿ?’

‘ಶೀತ ಅಂತ ನೀವೇ ಕಳಿಸಿದ್ರಲ್ಲ ಸಿಸ್ಟರ್.’

‘ಅವರು ದಿನಾ ಎಲ್ಲಿ ನಿಲ್ತಾ ಇದ್ರು?’

‘ಇಲ್ಲೇ. ನನ್ನ ಪಕ್ಕದಲ್ಲಿ. ನನ್ನ ಜೊತೆ ಕೂಗ್ತಾ...’

ಸಿಸ್ಟರ್ ಕೊರಳಿನ ಶಿಲುಬೆಯನ್ನು ಹಿಡಿದುಕೊಂಡರು. ಇಷ್ಟು ದಿನ ಬಂಡೆಯಿಂದ ಬರುತ್ತಿದ್ದ ಎರಡನೇ ದನಿ ನನ್ನ ಹೊಟ್ಟೆಯೊಳಗಿನ ಜಲಜಾಕ್ಷಿಯದಲ್ಲ, ಪಕ್ಕದಲ್ಲಿ ನಿಂತು ರಟ್ಟೆ ಹಿಡಿದಿದ್ದ ಜಲಜಾಕ್ಷಿಯದು. ಒಳಗಿನವಳು ಯಾವಾಗ ಸುಮ್ಮನಾದಳೋ ಯಾರಿಗೂ ತಿಳಿಯದು. ಸೋತ ಕಿಡ್ನಿಗೆ ನಾವು ಪೂರ್ತಿ ಅಳತೆಯ ಮದ್ದನ್ನು ಸುರಿಯುತ್ತಲೇ ಇದ್ದೆವು.

ಅವತ್ತೇ ಡಾಕ್ಟರ್ ಮುಬೀನಾ ನನ್ನ ರಕ್ತವನ್ನು ತಮ್ಮ ಸ್ಕೂಟರಿನಲ್ಲಿ ಹೊಳೆಯವರೆಗೆ ಒಯ್ದು, ತೆಪ್ಪದಲ್ಲಿ ದಾಟಿಸಿ, ಆಚೆ ದಡದಿಂದ ಪಟ್ಟಣಕ್ಕೆ ಕಳಿಸಿದರು. ಅದರ ಉತ್ತರ ಫೋನಿನಲ್ಲಿ ಬಂದಾಗ ನನ್ನ ಮಂಚದ ಪಕ್ಕ ಮತ್ತೆ ಕುರ್ಚಿ ಎಳೆದುಕೊಂಡು ಕೂತರು. ಹೊಟ್ಟೆ ಕೆಟ್ಟು ಮೈಯ ನೀರೆಲ್ಲ ಹೋಗಿ ಕಿಡ್ನಿ ಬಳಲಿತ್ತಂತೆ. ಮದ್ದು ಒಳಗೇ ತುಂಬಿಕೊಂಡಿತ್ತಂತೆ. ಬಿಳಿ ಕಣ ತಳ ಕಂಡಿತ್ತು.

‘ಕಾಲು ನೋಡಿದಾಗ ನನಗೆ ಅನುಮಾನ ಬಂದಿತ್ತು. ಬಂಡೆ ಮಾತು ಕೇಳಿ ಸುಮ್ಮನಾದೆ,’ ಎಂದರು. ‘ಈಗ ಔಷಧಿ ತುಂಬ ಇಳಿಸ್ತೀನಿ, ಪೂರ್ತಿ ನಿಲ್ಲಿಸೋ ಧೈರ್ಯ ನನಗಿಲ್ಲ. ನೀರು ಕೊಡ್ತೀವಿ. ಕಿಡ್ನಿ ಏಳಬಹುದು.’

‘ಏಳದಿದ್ರೆ?’

ಅವರು ನನ್ನ ಹೊದಿಕೆಯ ಅಂಚನ್ನು ಸರಿಮಾಡಿದರು.

ನನ್ನನ್ನು ಗಾಜಿನ ಬಾಗಿಲಿನ ಕೋಣೆಗೆ ಹಾಕಿದರು. ಶೀತ ಇಳಿದ ಮೇಲೆ ಜಲಜಾಕ್ಷಿ ಗಾಜಿನಾಚೆ ಬಂದು ನಿಂತಳು. ಯಾರು ಹೇಳಿದರೋ, ಅವಳಿಗೆ ಎಲ್ಲ ಗೊತ್ತಾಗಿತ್ತು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ‘ನಾನು ನಿಮ್ಮನ್ನ...’ ಎಂದು ಶುರುಮಾಡಿ ಬಾಯಿಗೆ ಕೈ ಅಡ್ಡ ಹಿಡಿದಳು. ‘ಏ, ನಿನ್ನ ತಪ್ಪಲ್ಲ ಕಣೆ. ಕೂಗು ಅಂದವನೇ ನಾನು,’ ಎಂದೆ. ಅದು ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು. ಅಲ್ಲಿಂದಾಚೆಗೆ ಅವಳು ಮಾತಾಡುವುದನ್ನೇ ಬಿಟ್ಟಳು. ಗಂಜಿ ತಂದರೆ ತಟ್ಟೆ ಇಟ್ಟು ಹೋಗುವಳು. ಬೇಕೆಂದೇ ಉಪ್ಪಿಲ್ಲ ಎಂದು ಗೊಣಗಿದೆ, ಬಯ್ಯಲಿಲ್ಲ. ಬೇಕೆಂದೇ ಮಾತ್ರೆಯನ್ನು ಕೆಳಗೆ ಬೀಳಿಸಿದೆ, ಸುಮ್ಮನೆ ಎತ್ತಿಕೊಟ್ಟಳು. ನನ್ನೊಳಗಿನವಳೂ ಸುಮ್ಮನೆ, ಹೊರಗಿನವಳೂ ಸುಮ್ಮನೆ. ಸಾಯುವ ಭಯಕ್ಕಿಂತ ಆ ಮೌನದ ಭಯ ನನಗೆ ಹೆಚ್ಚಾಯಿತು.

ಸಿಸ್ಟರ್ ಹೊಸ ನೇಮ ತಂದರು. ಕೂಗುವವರ ಜೊತೆ ಬಂದವರೆಲ್ಲ ದೂರದ ಬೆಂಚಿನಲ್ಲಿ ಕೂತು, ಗಂಟೆ ಹೊಡೆಯುವವರೆಗೆ ಬಾಯಿ ತುಂಬ ನೀರು ಹಿಡಿದುಕೊಂಡಿರಬೇಕು. ಅಂಗಳದಲ್ಲಿ ಸಾಲಾಗಿ ಕೂತ ಅಪ್ಪಂದಿರು, ಹೆಂಡತಿಯರು, ಅಕ್ಕತಂಗಿಯರು ಕೆನ್ನೆ ಉಬ್ಬಿಸಿಕೊಂಡು ಮಿಕಿಮಿಕಿ ನೋಡುವುದು ಬೇರೆ ಕಾಲದಲ್ಲಾಗಿದ್ದರೆ ನನಗೆ ವಾರಗಟ್ಟಲೆ ನಗಲು ಸಾಕಾಗುತ್ತಿತ್ತು. ಜಲಜಾಕ್ಷಿ ಸಣ್ಣತಾಯಮ್ಮನ ಪಕ್ಕ ಕೂರುತ್ತಿದ್ದಳು. ಯಾರ ಜೊತೆಗೂ ಬಾರದ ಆ ಮುದುಕಿಯೂ ಲೋಟ ಕೇಳಿ ಬಾಯಿಗೆ ನೀರು ತುಂಬಿಕೊಳ್ಳುತ್ತಿತ್ತು.

ಗಂಟೆ ಒಂದು ಸಲವೇ ಹೊಡೆಯಿತು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಕೂಗುವುದಕ್ಕಿಂತ ಕೂಗಿದ ಮೇಲೆ ಕಾಯುವ ಆ ಒಂದಿಷ್ಟು ಹೊತ್ತು ಕಷ್ಟ. ಬಂಡೆ ನನ್ನನ್ನು ಮರೆತ ಹಾಗೆ ನಿಂತಿರುತ್ತಿತ್ತು. ಒಂದು ದಿನ ಹಿಂತಿರುಗುವಾಗ ಸಣ್ಣತಾಯಮ್ಮ ನೀರು ಉಗಿದು, ‘ಬತ್ತದೆ ಬುಡಪ್ಪ. ನನ್ ಮಗಂದೂ ಹಿಂಗೇ ಒಂದ್ ದಪ ನಿಂತು ಮತ್ತೆ ಬಂದಿತ್ತು,’ ಅಂದಿತು. ಆಮೇಲೆ ಏನಾಯಿತು ಎಂಬುದು ನನಗೆ ಗೊತ್ತಿದ್ದದ್ದೇ.

ಪಾದದ ಊತ ಸ್ವಲ್ಪ ಇಳಿದಿತ್ತು. ಅದನ್ನು ಯಾರಿಗೂ ಹೇಳಲು ನನಗೆ ಧೈರ್ಯವಿರಲಿಲ್ಲ, ಹೇಳಿದರೆ ಮತ್ತೆ ಏರುತ್ತದೇನೋ ಎಂದು. ಒಂದು ಬೆಳಗ್ಗೆ ಮೋಡ ಕವಿದಿತ್ತು, ಗಾಳಿ ಇರಲಿಲ್ಲ. ನಾನು ಗಾಲಿಕುರ್ಚಿಯ ಹಿಡಿ ಹಿಡಿದು ಎದ್ದು ನಿಂತೆ. ಬೆಂಚಿನ ಕಡೆ ಒಮ್ಮೆ ನೋಡಿದೆ. ಜಲಜಾಕ್ಷಿಯ ಕೆನ್ನೆ ಉಬ್ಬಿತ್ತು, ಕಣ್ಣು ಮುಚ್ಚಿದ್ದಳು. ಕೂಗಿದೆ.

‘ಇದೀನೀ...’

ನನ್ನ ದನಿ ಬಂದು ಹೋಯಿತು. ಆಮೇಲೆ ಎಂದಿನ ಹಾಗೆ ಏನೂ ಇಲ್ಲ. ಕೂರಲೆಂದು ಮೊಣಕಾಲು ಬಗ್ಗಿಸಿದೆ. ಆಗ, ತಡವಾಗಿ, ಬಾವಿಯ ತಳದಿಂದ ಯಾರೋ ಮಾತಾಡಿದ ಹಾಗೆ, ‘...ದೀನಿ’ ಎಂದು ಕೇಳಿಸಿತು.

ನಾನು ಸರಕ್ಕನೆ ತಿರುಗಿದೆ. ನನಗೆ ಮೊದಲು ಬಂದದ್ದು ಸಂತೋಷವಲ್ಲ, ಅನುಮಾನ. ಇವಳೇ ಕೂಗಿದಳೇ? ಗಂಡ ಸಾಯುತ್ತಾನೆಂಬ ಹೆದರಿಕೆಗೆ ನೀರು ನುಂಗಿ ಕೂಗಿಬಿಟ್ಟಳೇ? ಅವಳು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ಕೆನ್ನೆ ಮೊದಲಿನಷ್ಟೇ ಉಬ್ಬಿತ್ತು. ಕಣ್ಣಿನಿಂದ ನೀರು ಇಳಿದು ಆ ಉಬ್ಬಿದ ಕೆನ್ನೆಯ ಮೇಲೆ ಹರಿಯುತ್ತಿತ್ತು, ಬಾಯಿಯ ನೀರನ್ನು ಮಾತ್ರ ಅವಳು ಬಿಟ್ಟಿರಲಿಲ್ಲ.

ಗಂಟೆ ಹೊಡೆಯಿತು. ನಿಂತಿತು. ಸಿಸ್ಟರ್ ತಲೆ ಬಗ್ಗಿಸಿ ಇನ್ನೂ ಆಲಿಸುತ್ತಿದ್ದರು. ಆಮೇಲೆ ಇನ್ನೊಂದು ಸಲ ಹೊಡೆದರು, ಬಹಳ ಮೆಲ್ಲಗೆ, ದನಿ ಎಷ್ಟು ಸಣ್ಣದಿತ್ತೋ ಅಷ್ಟೇ ಮೆಲ್ಲಗೆ.

ಜಲಜಾಕ್ಷಿ ನೀರನ್ನು ಉಗಿಯಲಿಲ್ಲ, ನುಂಗಿದಳು. ಎದ್ದು ನನ್ನ ಹತ್ತಿರ ಬಂದಳು. ‘ಇಷ್ಟು ಮೆಲ್ಲಗೆ ಕೂಗಿದ್ರೆ ಒಳಗಿರೋಳಿಗೆ ಹೇಗ್ರೀ ಕೇಳಿಸ್ಬೇಕು?’ ಎಂದಳು. ಎಷ್ಟೋ ದಿನಗಳ ಮೇಲೆ ಆಡಿದ ಮಾತು. ಸೆರಗಿನ ತುದಿಯ ಗಂಟನ್ನು ಬಿಚ್ಚತೊಡಗಿದಳು. ಗಂಟಿನೊಳಗೆ ಕಾಗದದ ಪೊಟ್ಟಣ, ಪೊಟ್ಟಣದೊಳಗೆ ಸಕ್ಕರೆ. ಗಂಟೆ ಒಂದೇ ಸಲ ಹೊಡೆದ ಅಷ್ಟೂ ಬೆಳಗ್ಗೆ ಅವಳು ಅದನ್ನು ಕಟ್ಟಿಕೊಂಡು ಬಂದು, ಬಿಚ್ಚದೆ ವಾಪಸ್ಸು ಒಯ್ದಿದ್ದಳು.

‘ಡಾಕ್ಟರು ಸಕ್ಕರೆ ಬೇಡ ಅಂದಿದ್ದಾರೆ,’ ಎಂದೆ.

‘ಬಾಯಿ ಬಿಡಿ.’

ಬಿಟ್ಟೆ. ಹಾಕಿದ ಸಕ್ಕರೆಯಲ್ಲಿ ಅರ್ಧ ನನ್ನ ಗಡ್ಡದ ಮೇಲೆ ಬಿತ್ತು. ನಾಲಿಗೆಯ ಹುಣ್ಣಿಗೆ ತಾಗಿ ಉರಿಯಿತು. ಉಳಿದದ್ದನ್ನೂ ಹಾಕುತ್ತಾಳೆಂದು ಬಾಯಿ ತೆರೆದೇ ಇದ್ದೆ. ಅವಳು ಬಂಡೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಪೊಟ್ಟಣವನ್ನು ಮಡಿಸಿ, ‘ನಾಳೆಗೆ ಬೇಕಾಗುತ್ತೆ,’ ಎಂದು ಮತ್ತೆ ಸೆರಗಿಗೆ ಬಿಗಿಯಾಗಿ ಗಂಟು ಹಾಕಿಕೊಂಡಳು.